ಐದು ಅಡುಗೆಮನೆಗೆ ಒಂದೇ ಪೈಪು

ನಗರಸಭೆಯ ನೋಟೀಸು ಬಂದಾಗ ವೆಂಕಟೇಶಪ್ಪ ಮುದ್ದೆ ಮುರಿಯುತ್ತಿದ್ದ. ಊಟಕ್ಕೆ ಕೂತ ಮಾವನನ್ನು ಎಬ್ಬಿಸುವುದು ಬೇಡವೆಂದು ಸೊಸೆ ಆಶಾರಾಣಿಯೇ ಬಾಗಿಲಿಗೆ ಹೋಗಿ ಸಹಿ ಹಾಕಿ ಕಾಗದ ತಂದಳು. ಮನೆಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವ ಅಧಿಕಾರ ಅವಳ ಮಗಳು ನವ್ಯಳದು. ಒಂಬತ್ತನೇ ತರಗತಿಯ ಹುಡುಗಿ, ಓದುವಾಗ ದನಿ ಮಾತ್ರ ಹೆಡ್‌ಮೇಷ್ಟರದು.

“ಪೈಪಿನ ಮೂಲಕ ಒಂದಕ್ಕಿಂತ ಹೆಚ್ಚು ಅಡುಗೆಮನೆಗಳಿಗೆ ಗ್ಯಾಸ್ ಒದಗಿಸುತ್ತಿರುವ ಕಟ್ಟಡಗಳ ಮಾಲೀಕರು ನಲವತ್ತೈದು ದಿನಗಳ ಒಳಗಾಗಿ ಮಾನ್ಯತೆ ಪಡೆದ ಪರೀಕ್ಷಕರಿಂದ ಪೈಪಿನ ಸುರಕ್ಷತಾ ತಪಾಸಣೆ ಮಾಡಿಸಿ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಗ್ಯಾಸ್ ಸಂಪರ್ಕ ಮುಚ್ಚಲಾಗುವುದು.”

ವೆಂಕಟೇಶಪ್ಪ ತುತ್ತು ನುಂಗಿದ. “ಯಾರ ಪೈಪು?”

“ನಮ್ದೇ ತಾತ. ಹೆಸರು ನಿಂದೇ ಹಾಕಿದಾರೆ.”

“ನಾನ್ ಆಕಿದ್ ಪೈಪ್ನ ಇನ್ನೊಬ್ಬ ಬಂದು ನೋಡ್ಬೇಕಾ? ಭೂಮಿ ಒಳಗೆ ಮೈಲಿಗಟ್ಟಲೆ ಪೈಪ್ ಆಕಿದೀನಿ ಕಣಮ್ಮ. ಒಂದು ಕೀಲು ಸೋರಿದ್ದಿಲ್ಲ. ಇಡು ಅತ್ಲಾಗೆ.”

ನವ್ಯ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಬೇಡದ ಕಾಗದಗಳಿಗೆಲ್ಲ ಆ ಮನೆಯಲ್ಲಿ ಅದೇ ಜಾಗ.

ವೆಂಕಟೇಶಪ್ಪನ ಗರ್ವ ಸುಮ್ಮನೆ ಬಂದದ್ದಲ್ಲ. ಕೋರಮಂಡಲ್ ಕಡೆಯ ಚಿನ್ನದ ಗಣಿಯಲ್ಲಿ ಹದಿನೆಂಟು ವರ್ಷ ಗಾಳಿ ಪೈಪಿನ ಫಿಟ್ಟರ್ ಆಗಿದ್ದವನು. ಮೇಲಿನಿಂದ ಯಂತ್ರ ಒತ್ತಿ ಕಳಿಸುವ ಗಾಳಿ, ಪಾತಾಳದಲ್ಲಿ ಕಲ್ಲು ಕೊರೆಯುವವನ ಕೈಗೆ ಸೋರದೆ ಮುಟ್ಟಬೇಕಿತ್ತು. ಗಣಿ ಮುಚ್ಚಿದ ಮೇಲೆ ಬಂದ ದುಡ್ಡಿನಲ್ಲಿ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ ಮೂರು ಅಂತಸ್ತು ಎಬ್ಬಿಸಿದ. ಕೆಳಗೆ ತಾವು, ಮೇಲೆ ನಾಲ್ಕು ಬಾಡಿಗೆ ಮನೆ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಸಿಲಿಂಡರ್ ಹೊರುವವರು ಮೇಲೆ ಹತ್ತುವಷ್ಟರಲ್ಲಿ ಮನೆಯವರ ಏಳು ತಲೆಮಾರನ್ನು ಬೈದು ಮುಗಿಸುತ್ತಿದ್ದರು. ಎಂಟು ವರ್ಷದ ಹಿಂದೆ ವೆಂಕಟೇಶಪ್ಪ ಅದಕ್ಕೊಂದು ಉಪಾಯ ಮಾಡಿದ. ಮೆಟ್ಟಿಲ ಬುಡದಲ್ಲಿ ಗೂಡು ಕಟ್ಟಿ, ನಾಲ್ಕು ಸಿಲಿಂಡರ್ ಒಟ್ಟಿಗೆ ನಿಲ್ಲಿಸಿ, ಅಲ್ಲಿಂದ ಐದೂ ಅಡುಗೆಮನೆಗೆ ಪೈಪು ಎಳೆದ. ಗಣಿಯಿಂದ ಉಳಿಸಿಕೊಂಡಿದ್ದ ತನ್ನದೇ ರೆಂಚು, ತನ್ನದೇ ಕೈ. ಗಣಿಯಲ್ಲಿ ಮಾಡುತ್ತಿದ್ದ ಹಾಗೆಯೇ ಪ್ರತಿ ಕೀಲಿಗೂ ಸೆಣಬಿನ ಎಳೆ ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಮೆತ್ತಿ, ಕಿವಿಗೆ ಕೇಳುವಂತೆ ಕಿರುಗುಟ್ಟುವವರೆಗೆ ಬಿಗಿದ. ಓಣಿಯವರು ಬಂದು ನೋಡಿ ತಲೆದೂಗಿದರು.

ಅಂದಿನಿಂದ ಪ್ರತಿ ಶುಕ್ರವಾರ ಪೂಜೆ ಮುಗಿದ ಮೇಲೆ ಅವನು ಉರಿಯುವ ಊದುಬತ್ತಿ ಹಿಡಿದು ಪೈಪಿನ ಉದ್ದಕ್ಕೂ ಹೋಗುತ್ತಿದ್ದ. ಕೀಲಿನ ಹತ್ತಿರ ಹಿಡಿದು ಹೊಗೆ ನೋಡುವುದು. ಹೊಗೆ ನೆಟ್ಟಗೆ ಹೋದರೆ ಕೀಲು ಭದ್ರ, ಅಡ್ಡ ಬಾಗಿದರೆ ಗಾಳಿ ಸೋರುತ್ತಿದೆ ಎಂದು ಲೆಕ್ಕ. ಗಾಳಿ ಪೈಪಿಗೆ ಅವನು ಹೀಗೇ ನೋಡುತ್ತಿದ್ದ. ಬಾಡಿಗೆಯವರು ಇದನ್ನು ಪೂಜೆಯೆಂದೇ ತಿಳಿದು ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುತ್ತಿದ್ದರು. ಮೂರನೇ ಅಂತಸ್ತಿನ ಸೆಲ್ವರಾಜ್ ಕೈ ಮುಗಿಯುತ್ತಿದ್ದ ಕೂಡ.

ಈ ಪೈಪಿನ ಬಗ್ಗೆ ಅನುಮಾನವಿದ್ದದ್ದು ಮನೆಯಲ್ಲಿ ಒಬ್ಬಳಿಗೇ. ಆಶಾರಾಣಿ ಬೂದಿಕೋಟೆಯ ಹೈನಿನ ಮನೆಯವಳು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಯಾವ ಹಾಲು ಸಂಜೆಯೊಳಗೆ ಒಡೆಯುತ್ತದೆಂದು ಹೇಳುತ್ತಿದ್ದ ಮೂಗು ಅವಳದು. ಎರಡು ವರ್ಷದಿಂದ ಅವಳಿಗೆ ಮನೆಯಲ್ಲಿ ಗ್ಯಾಸಿನ ವಾಸನೆ. ಯಾವಾಗಲೂ ಅಲ್ಲ. ಬೆಳಿಗ್ಗೆ ಕಸ ಗುಡಿಸಲು ಬಗ್ಗಿದಾಗ, ಅದರಲ್ಲೂ ನವ್ಯ ಮಲಗುವ ಸಣ್ಣ ಕೋಣೆಯಲ್ಲಿ.

“ಮಾವ, ವಾಸ್ನೆ ಬತ್ತೈತೆ.”

ಅವನು ಬಂದು, ಬಗ್ಗಿ, ಮೂಗೇರಿಸಿ ಎರಡು ಸಲ ಎಳೆದುಕೊಳ್ಳುತ್ತಿದ್ದ. “ಎಲ್ಲೈತೆ? ಏನೂ ಇಲ್ಲ. ನಿನ್ ಮೂಗಿನಾಗೆ ನಿಮ್ಮಪ್ಪನ ಮನೆ ಸಗಣಿ ವಾಸ್ನೆ ಇನ್ನೂ ಓಗಿಲ್ಲ.”

ಅತ್ತೆ ಮುನಿಶಾಮಮ್ಮ ನಗುತ್ತಿದ್ದಳು. ಆಶಾರಾಣಿಯೂ ನಕ್ಕು ಸುಮ್ಮನಾಗುತ್ತಿದ್ದಳು. ಮಾವ ಕೆಟ್ಟವನಲ್ಲ ಎಂಬುದು ಅವಳಿಗೆ ಗೊತ್ತು. ಹೋದ ವರ್ಷ ಅವರೆಕಾಳು ಸಾರು ತಳ ಹಿಡಿದು ಸೀದು ಹೋಗಿ, ಗಂಡ ಮುನಿರಾಜ್ ತಟ್ಟೆ ತಳ್ಳಿ ಎದ್ದಿದ್ದ, ನವ್ಯ ಮೂಗು ಮುಚ್ಚಿಕೊಂಡಿದ್ದಳು. ವೆಂಕಟೇಶಪ್ಪ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡು, “ಸೊಗಡು ಚೆನ್ನಾಗೈತೆ ಕಣಮ್ಮ” ಅಂದಿದ್ದ. ಸೊಸೆಯ ಮನಸ್ಸು ನೋಯಬಾರದೆಂದು ಸೀದ ಸಾರು ಉಂಡ ಮಾವನನ್ನು ನೆನೆದು ಆಶಾರಾಣಿ ಅವತ್ತು ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದಳು.

ನೋಟೀಸು ಬಂದ ಮೂರನೇ ವಾರಕ್ಕೆ ಎರಡನೇ ನೋಟೀಸು ಬಂತು. ಈ ಸಲ ಮುನಿರಾಜನ ಕೈಗೇ ಸಿಕ್ಕಿತು. ಬಂಗಾರಪೇಟೆಯ ಅಕ್ಕಿ ಮಿಲ್ಲಿನಲ್ಲಿ ತೂಕ ನೋಡುವ ಕೆಲಸ ಅವನದು. ದಿನವೂ ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ಹೊಟ್ಟಿನ ಧೂಳು ಮೆತ್ತಿಕೊಂಡು ಬರುವವನು. ಸ್ವಭಾವದಲ್ಲಿ ಅಂಜುಬುರುಕ, ಅಂಜಿದಾಗ ರೇಗುವವನು.

“ಅಪ್ಪಾ, ಕರೆಸಿ ತೋರಿಸ್ಬಿಡಾಣ. ನಿನ್ ಕೆಲ್ಸ ಸರಿಗಿದ್ರೆ ಭಯ ಯಾಕೆ?”

“ಭಯ ಯಾವನಿಗ್ಲಾ? ನಿನ್ನೆ ಮೊನ್ನೆ ಕಲ್ತ ಐಕ್ಳು ಬಂದು ನಂಗೆ ಪಾಠ ಯೋಳ್ಬೇಕಾ?”

“ಸರಿಗಿಲ್ಲ ಅಂದ್ಬಿಟ್ರೆ?” ಎಂದಳು ಮುನಿಶಾಮಮ್ಮ ಸೊಪ್ಪು ಬಿಡಿಸುತ್ತ.

ಸರಿಯಿಲ್ಲ ಅಂದರೆ ಗ್ಯಾಸು ನಿಲ್ಲುತ್ತದೆ, ಗ್ಯಾಸು ನಿಂತರೆ ಮೇಲಿನವರು ಹೋಗುತ್ತಾರೆ. ಮುನಿರಾಜನ ಸಂಬಳ ಅಕ್ಕಿ ಬೇಳೆಗೆ ಸರಿಹೋಗುತ್ತಿತ್ತು; ನವ್ಯಳ ಸ್ಕೂಲು, ವೆಂಕಟೇಶಪ್ಪನ ಎದೆಯ ಔಷಧಿ ಎಲ್ಲ ಬಾಡಿಗೆಯಿಂದಲೇ ನಡೆಯುತ್ತಿದ್ದವು. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

“ತಪಾಸಣೆ ಮಾಡಿಸ್ಬೇಕು,” ಎಂದಳು ಆಶಾರಾಣಿ. “ನವ್ಯಂಗೆ ದಿನಾ ಬೆಳಿಗ್ಗೆ ತಲೆನೋವು. ಎದ್ದ ತಕ್ಷಣ ವಾಂತಿ ಬಂದಂಗೆ ಆಗುತ್ತೆ ಅಂತಾಳೆ.”

“ರಾತ್ರಿಯೆಲ್ಲ ಮೊಬೈಲ್ ನೋಡಿದ್ರೆ ಇನ್ನೇನಾಗುತ್ತೆ?” ಎಂದ ಮುನಿರಾಜ್.

“ನಾನ್ ನೋಡಲ್ಲಪ್ಪ. ಮೊಬೈಲು ನಿನ್ ದಿಂಬಿನ ಕೆಳಗೇ ಇರುತ್ತೆ,” ಎಂದಳು ನವ್ಯ.

ಮಾತು ಅಲ್ಲಿಗೆ ನಿಂತಿತು. ಆದರೆ ಮುನಿರಾಜ್ ಸುಮ್ಮನಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವ ಕುಪ್ಪುಸ್ವಾಮಿ ಎಂಬ ಆಸಾಮಿ ಇದ್ದ. ಊರಿನವರ ಅರ್ಜಿಗಳೆಲ್ಲ ಅವನ ತೊಡೆಯ ಮೇಲೇ ಹುಟ್ಟುವುದು. ಮುನಿರಾಜ್ ಪೈಪಿನ ಎರಡು ಫೋಟೋ ಕೊಟ್ಟ. ನಾಲ್ಕನೇ ದಿನ ಸೀಲು, ಸಹಿ, ನಂಬರು ಎಲ್ಲ ಇರುವ ಪ್ರಮಾಣಪತ್ರ ಬಂತು. ಪೈಪು ಪರೀಕ್ಷಿಸಲಾಗಿದೆ, ಯಾವುದೇ ಸೋರಿಕೆ ಕಂಡುಬಂದಿಲ್ಲ ಎಂದು ಬರೆದಿತ್ತು.

“ಯಾರು ಬಂದು ಪರೀಕ್ಷೆ ಮಾಡಿದ್ರು?” ಎಂದು ಕೇಳಿದಳು ಆಶಾರಾಣಿ.

“ನಿಂಗ್ಯಾಕೆ ಅದೆಲ್ಲ? ಕೆಲ್ಸ ಆಯ್ತಲ್ಲ.”

“ನಾನ್ ಮನೆ ಬಿಟ್ಟು ಎಲ್ಲೂ ಓಗಿಲ್ಲ. ಯಾರೂ ಬಂದಿಲ್ಲ.”

“ಆಶಾ, ಬಾಯ್ಮುಚ್ಚು.”

ವೆಂಕಟೇಶಪ್ಪ ಆ ಕಾಗದವನ್ನು ನವ್ಯಳಿಂದ ಎರಡು ಸಲ ಓದಿಸಿದ. “ಸೋರಿಕೆ ಕಂಡುಬಂದಿಲ್ಲ. ಇನ್ನೊಂದ್ಸಲ ಓದವ್ವ ಅದ್ನ.” ಮಗ ಅದನ್ನು ಹೇಗೆ ತಂದನೆಂದು ಅವನು ಕೇಳಲಿಲ್ಲ. ಕೇಳಬಾರದೆಂದು ತೀರ್ಮಾನಿಸಿದವನ ಮುಖ ಅದು. ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದರು. ಮುನಿಶಾಮಮ್ಮ ಮೂಲೆಗೊಂದು ಕುಂಕುಮದ ಬೊಟ್ಟು ಇಟ್ಟಳು.

ಮುಂದಿನ ಶುಕ್ರವಾರ ಊದುಬತ್ತಿ ಹಿಡಿದು ಮೇಲೆ ಹೋದ ವೆಂಕಟೇಶಪ್ಪ ಕೆಳಗೆ ಬಂದದ್ದು ತಲೆಯ ಮೇಲಿಂದ ಮುಖದವರೆಗೆ ಟವೆಲು ಇಳಿಬಿಟ್ಟುಕೊಂಡು. ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಮೀಸೆ ಇರಲಿಲ್ಲ.

ಮದುವೆಯ ಫೋಟೋದಿಂದ ಇಂದಿನವರೆಗೆ ಆ ಮುಖ ಮೀಸೆಯಿಲ್ಲದೆ ಇದ್ದದ್ದೇ ಇಲ್ಲ. ಮುನಿಶಾಮಮ್ಮನ ಕೈಯಿಂದ ಕಾಫಿ ಲೋಟ ಜಾರುವುದೊಂದು ಬಾಕಿ.

“ಇದೇನು ನಿನ್ ಅವತಾರ?”

“ತಿಮ್ಮಪ್ಪನಿಗೆ ಹರಕೆ. ಸರ್ಟಿಫಿಕೇಟ್ ಬಂದ್ರೆ ಕೊಡ್ತೀನಿ ಅಂದಿದ್ದೆ.”

“ತಿಮ್ಮಪ್ಪನಿಗೆ ತಲೆ ಕೊಡ್ತಾರೆ. ಮೀಸೆ ಯಾರು ಕೊಡ್ತಾರೆ?”

“ತಲೇಲಿ ಎಲ್ಲೈತೆ ಕೂದ್ಲು, ಕೊಡಾಕೆ?”

ನವ್ಯ ಬಿದ್ದು ಬಿದ್ದು ನಕ್ಕಳು. ಆಶಾರಾಣಿಗೆ ನಗು ಬರಲಿಲ್ಲ. ಮಾವನ ಎಡಗಡೆಯ ಹುಬ್ಬು ಅರ್ಧ ಇರಲಿಲ್ಲ. ಉಳಿದ ಅರ್ಧದ ತುದಿ ಕಂದಾಗಿ ಸುರುಟಿಕೊಂಡಿತ್ತು, ಹಣೆಯ ಚರ್ಮ ಕೆಂಪಾಗಿತ್ತು. ಕಾಫಿ ಕೊಡಲು ಹತ್ತಿರ ಹೋದಾಗ ಕೂದಲು ಸುಟ್ಟ ವಾಸನೆ ಅವಳ ಮೂಗಿಗೆ ಬಡಿಯಿತು.

ಮಧ್ಯಾಹ್ನ ಅವಳು ತಾರಸಿಗೆ ಬಟ್ಟೆ ಒಣಗಿಸಲು ಹೋದಳು. ಸೆಲ್ವರಾಜನ ಹೆಂಡತಿ ವನಿತಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅಲ್ಲಿಗೇ ಬಂದಳು.

“ಅಕ್ಕಾ, ನಾವು ಮನೆ ಖಾಲಿ ಮಾಡ್ತೀವಿ.”

“ಯಾಕೆ ವನಿತಾ?”

“ಸೊಲ್ಲಬೇಡ, ಯಾರಿಗೂ ಹೇಳಬೇಡ ಅಂತ ನಿಮ್ಮ ಮಾವ ಪೆರಿಯವರು ಕೈ ಮುಗಿದ್ರು ಅಕ್ಕಾ. ಅಷ್ಟು ದೊಡ್ಡವ್ರು, ನಂಗೆ ಕೈ ಮುಗಿದ್ರು.” ವನಿತಾ ಅಳತೊಡಗಿದಳು. “ಊದುಬತ್ತಿ ಆರೋಯ್ತು. ನಮ್ಮ ಅಡುಗೆಮನೇಲಿ ಕೀಲ್ ಹತ್ರ ನಿಂತೇ ಬೆಂಕಿಕಡ್ಡಿ ಗೀರಿದ್ರು. ನೀಲಿ ಬೆಂಕಿ ಅಕ್ಕಾ. ಪೈಪ್ ಸುತ್ತ ಹಂಗೇ ಹತ್ಕೊಂಡು ಅವರ ಮುಖಕ್ಕೆ ಬಂತು. ಅವ್ರೇ ಟವೆಲಲ್ಲಿ ಒತ್ತಿ ಆರಿಸಿದ್ರು. ಮಗು ಅಲ್ಲೇ ಕೆಳಗೆ ಕೂತಿತ್ತು.”

ಮಗು ಅಮ್ಮನ ಕೊರಳ ಸರ ಎಳೆಯುತ್ತಿತ್ತು. ಆಶಾರಾಣಿ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದಳು.

ಸಂಜೆ ಮುನಿರಾಜ್ ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಹೇಳಿದಳು. ವೆಂಕಟೇಶಪ್ಪ ಎದುರಿಗೇ ಕೂತಿದ್ದ. ಮುದ್ದೆಯ ಮೇಲೆ ಕೈಯಿಟ್ಟವನು ಹಾಗೇ ಇದ್ದ.

“ಅಪ್ಪಾ, ನಿಜಾನಾ?”

“ಒಂದು ಕೀಲು ಸಡಿಲ ಆಗಿತ್ತು. ಬಿಗಿದೀನಿ.”

“ಬಿಗಿದವ್ರೆ, ಮುಗೀತು,” ಎಂದ ಮುನಿರಾಜ್ ಹೆಂಡತಿಯ ಕಡೆ ತಿರುಗಿ.

“ಮುಗ್ದಿಲ್ಲ. ನಿಜವಾದವ್ರನ್ನ ಕರೆಸಿ.”

“ಕರೆಸಿದ್ರೆ ಏನಾಗುತ್ತೆ ಗೊತ್ತಾ? ಆ ಸುಳ್ಳು ಸರ್ಟಿಫಿಕೇಟ್ ಯಾರು ತಂದಿದ್ದು ಅಂತಾರೆ. ನನ್ನ ಸ್ಟೇಷನ್ನಿಗೆ ಎಳೀತಾರೆ. ಮೇಲಿನ ನಾಲ್ಕು ಮನೆ ಖಾಲಿ ಆಗುತ್ತೆ. ನವ್ಯನ ಸ್ಕೂಲಿಗೆ ನೀನ್ ಕಟ್ತೀಯಾ?”

“ನವ್ಯ ಇದ್ರೆ ತಾನೆ ಸ್ಕೂಲು.”

ಮುನಿರಾಜ್ ತಟ್ಟೆಯನ್ನು ತಳ್ಳಿದ. ಸಾರು ಚಾಪೆಯ ಮೇಲೆ ಹರಿಯಿತು. “ಅಂಥಾ ಮಾತು ಆಡ್ತೀಯಾ ನನ್ ಮಗಳ ಮೇಲೆ?”

“ನನ್ ಮಗಳೂ ಹೌದು.”

ಮುನಿಶಾಮಮ್ಮ ಸೊಸೆಯ ಕೈ ಹಿಡಿದಳು. “ಸುಮ್ಕಿರು ತಾಯಿ. ಗಂಡಸ್ರು ಮಾತಾಡ್ವಾಗ ಎದುರು ಬೀಳ್ಬಾರ್ದು. ಆ ಪೈಪೇ ಅವರ ಮರ್ವಾದೆ. ಅದು ಓದ್ರೆ ನಿಮ್ ಮಾವ ಬದುಕಲ್ಲ.”

ಆಶಾರಾಣಿ ಎರಡು ದಿನ ಸುಮ್ಮನಿದ್ದಳು. ನವ್ಯಳನ್ನು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು. ಎರಡೂ ಬೆಳಿಗ್ಗೆ ನವ್ಯ ತಲೆನೋವಿಲ್ಲದೆ ಎದ್ದಳು. ಮೂರನೇ ದಿನ ಮುನಿರಾಜ್ ಮಿಲ್ಲಿಗೆ ಹೋದ ಮೇಲೆ ಆಶಾರಾಣಿ ದೇವರ ಪಟದ ಹಿಂದಿನಿಂದ ಮೊದಲ ನೋಟೀಸು ತೆಗೆದು, ಅದರ ಕೆಳಗಿದ್ದ ನಂಬರಿಗೆ ಫೋನು ಮಾಡಿದಳು.

ಪರೀಕ್ಷಕಿ ಬಂದದ್ದು ಮುಂದಿನ ಸೋಮವಾರ, ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ. ಹೆಸರು ಲಿಖಿತ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಬೆನ್ನಿಗೆ ದೊಡ್ಡ ಚೀಲ. ಅವತ್ತು ಮಿಲ್ಲಿಗೆ ರಜೆಯಿದ್ದುದರಿಂದ ಮುನಿರಾಜ್ ಮನೆಯಲ್ಲೇ ಇದ್ದ. ಬಾಗಿಲಲ್ಲಿ ಅವಳು ಯಾರೆಂದು ಹೇಳಿದ ಕೂಡಲೇ ಅವನು ತಿರುಗಿ ಹೆಂಡತಿಯ ಮುಖ ನೋಡಿದ. ಹದಿನೇಳು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

“ನಿಮ್ಮ ಕಟ್ಟಡಕ್ಕೆ ಆಗಲೇ ಪ್ರಮಾಣಪತ್ರ ಬಂದಿದೆಯಲ್ಲ?” ಎಂದಳು ಲಿಖಿತ ಗೋಡೆ ನೋಡಿ.

“ಕಾಗದ ಬಂದೈತೆ. ಮನುಷ್ಯರು ಬಂದಿಲ್ಲ,” ಎಂದಳು ಆಶಾರಾಣಿ.

ವೆಂಕಟೇಶಪ್ಪ ಕೋಣೆಯಿಂದ ಹೊರಗೆ ಬಂದ. ಮೀಸೆಯಿದ್ದ ಜಾಗದಲ್ಲಿ ಬಿಳಿ ಮುಳ್ಳು ಮುಳ್ಳು ಕೂದಲು. “ಯಾರಮ್ಮ ನೀನು? ನಿನ್ ವಯಸ್ಸಿಗಿಂತ ಜಾಸ್ತಿ ವರ್ಷ ಆಗೈತೆ ನಾನ್ ರೆಂಚ್ ಇಡ್ದು.”

“ಇರಬಹುದು ತಾತ. ಯಾವ ಕೆಲಸದಲ್ಲಿದ್ರಿ?”

“ಗಾಳಿ ಪೈಪಿನ ಫಿಟ್ಟರು. ಕೋರಮಂಡಲ್ಲು.”

“ಹಾಗಾದ್ರೆ ಗೇಜು ನೋಡೋದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಸಿಲಿಂಡರ್ ಮುಚ್ಚಿ, ಪೈಪಿಗೆ ಗಾಳಿ ತುಂಬಿ ಅರ್ಧ ಗಂಟೆ ಬಿಡ್ತೀನಿ. ಮುಳ್ಳನ್ನು ನೀವೇ ನೋಡಿ.”

ಮುನಿರಾಜ್ ಬೇಡವೆನ್ನಲು ಬಾಯಿ ತೆರೆದ. ವೆಂಕಟೇಶಪ್ಪ ಕೈಯೆತ್ತಿ ತಡೆದ. ಗೇಜು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹಿಂದೆ ಸರಿಯುವುದು ಫಿಟ್ಟರಿಗೆ ಆಗದ ಕೆಲಸ.

“ಆಕು ನಿನ್ ಗೇಜು,” ಎಂದ.

ಲಿಖಿತ ಐದೂ ಮನೆಯ ಒಲೆ ಮುಚ್ಚಿಸಿ, ಪೈಪಿನೊಳಗಿನ ಗ್ಯಾಸನ್ನು ತಾರಸಿಯಿಂದ ಹೊರಗೆ ಬಿಟ್ಟು, ಗೂಡಿನ ಹತ್ತಿರ ಒತ್ತಡ ತೋರಿಸುವ ಗೇಜು ಕೂರಿಸಿ ಪಂಪಿನಿಂದ ಗಾಳಿ ತುಂಬಿದಳು. ಮುಳ್ಳು ಮೇಲೇರಿ ನಿಂತಿತು. ವೆಂಕಟೇಶಪ್ಪ ಕನ್ನಡಕ ಹಾಕಿಕೊಂಡು ಅದರ ಮುಂದೆ ಮಣೆ ಎಳೆದು ಕೂತ. ಮೇಲಿನ ಮನೆಯವರೆಲ್ಲ ಮೆಟ್ಟಿಲ ಮೇಲೆ ನಿಂತರು. ಮುನಿಶಾಮಮ್ಮ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಒಲೆಯ ಮೇಲಿನ ಅನ್ನ ಅರೆಬೆಂದು ನಿಂತಿತ್ತು, ಯಾರಿಗೂ ಅದರ ನೆನಪಿರಲಿಲ್ಲ.

ಐದು ನಿಮಿಷ ಮುಳ್ಳು ಅಲ್ಲಾಡಲಿಲ್ಲ.

“ನೋಡ್ದಾ?” ಎಂದ ವೆಂಕಟೇಶಪ್ಪ.

ಲಿಖಿತ ಗಡಿಯಾರ ನೋಡಿಕೊಂಡಳು. ಹತ್ತು ನಿಮಿಷಕ್ಕೆ ಅವನು ಮುಂದೆ ಬಗ್ಗಿದ. ಕನ್ನಡಕ ತೆಗೆದು, ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡ. ಬೆರಳ ತುದಿಯಿಂದ ಗೇಜಿನ ಗಾಜನ್ನು ಮೆಲ್ಲಗೆ ತಟ್ಟಿದ. ನಡುಮನೆಯಲ್ಲಿದ್ದ ಮುನಿರಾಜನಿಗೆ ತಡೆಯಲಾಗಲಿಲ್ಲ. “ಏನಾಯ್ತಪ್ಪ? ಏನ್ ತೋರಿಸ್ತೈತೆ?” ಎಂದ. ಆ ಮನೆಯಲ್ಲಿ ಆ ಮುಳ್ಳನ್ನು ಓದಲು ಬಲ್ಲವನು ಒಬ್ಬನೇ, ಅವನು ಇಪ್ಪತ್ತನೇ ನಿಮಿಷದವರೆಗೆ ಅದರಿಂದ ಕಣ್ಣು ಕೀಳಲಿಲ್ಲ.

“ಇಳೀತು,” ಎಂದ ಆಮೇಲೆ. “ಕಾಲು ಭಾಗ ಇಳ್ದೋಯ್ತು.”

ಸೋಪಿನ ನೀರು ಹಚ್ಚಿ ಒಂದೊಂದೇ ಕೀಲು ನೋಡುತ್ತ ಹೋದರು. ವನಿತಾಳ ಅಡುಗೆಮನೆಯ ಕೀಲಿನಲ್ಲಿ ಗುಳ್ಳೆ ಎದ್ದವು. ಎರಡನೇ ಅಂತಸ್ತಿನಲ್ಲಿ ಎರಡು ಕಡೆ ಎದ್ದವು. ಲಿಖಿತ ಒಂದು ಕೀಲು ಬಿಚ್ಚಿಸಿ, ಒಳಗಿನ ಸೆಣಬನ್ನು ಅಂಗೈ ಮೇಲೆ ಉದುರಿಸಿಕೊಂಡು ತೋರಿಸಿದಳು. ಹಳೆಯ ಕಸಬರಿಕೆಯ ಪುಡಿಯಂತಿತ್ತು.

“ತಾತ, ಗಣಿ ಗಾಳೀಲಿ ತೇವ ಇತ್ತು. ಸೆಣಬು ನೆನೆದು ಉಬ್ಬಿ ಕೀಲು ಕಚ್ಚಿ ಹಿಡೀತಿತ್ತು. ಗ್ಯಾಸಿನಲ್ಲಿ ತೇವ ಇಲ್ಲ. ವರ್ಷಗಳು ಕಳೆದ ಹಾಗೆ ಒಣಗಿ ಪುಡಿ ಆಗುತ್ತೆ. ನೀವು ಬಿಗಿದದ್ದು ತಪ್ಪಿಲ್ಲ, ಸುತ್ತಿದ್ದು ತಪ್ಪು.”

ವೆಂಕಟೇಶಪ್ಪ ಆ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ.

ಕೊನೆಗೆ ಉಳಿದದ್ದು ನವ್ಯಳ ಕೋಣೆ. ಅಲ್ಲಿ ಪೈಪು ಕಾಣಬಾರದೆಂದು ಅವನೇ ಗೋಡೆಯ ಬುಡಕ್ಕೆ ಹಲಗೆ ಹೊಡೆದು, ಮೊಮ್ಮಗಳಿಗೆ ಇಷ್ಟವೆಂದು ಹಸಿರು ಬಣ್ಣ ಬಳಿದಿದ್ದ. ಹಲಗೆಯ ಪಕ್ಕದಲ್ಲೇ ಅವಳ ಹಾಸಿಗೆ ಸುತ್ತಿಟ್ಟಿತ್ತು. ಸ್ಕ್ರೂಗಳನ್ನು ಅವನೇ ತೆಗೆದ. ಹಲಗೆ ಕಳಚಿದ್ದೇ ತಡ, ವಾಸನೆ ಕೋಣೆಯನ್ನೆಲ್ಲ ತುಂಬಿತು. ಲಿಖಿತ ಮೂಗಿಗೆ ತೋಳು ಅಡ್ಡ ಹಿಡಿದು ಕಿಟಕಿಗೆ ಓಡಿದಳು. ಮುನಿಶಾಮಮ್ಮ ಕೆಮ್ಮುತ್ತ ಸೆರಗು ಮುಚ್ಚಿಕೊಂಡಳು. ಮುನಿರಾಜ್ ಬಾಗಿಲಿಗೆ ಒರಗಿ ವಾಂತಿ ಬಂದವನಂತೆ ಬಗ್ಗಿದ.

ವೆಂಕಟೇಶಪ್ಪ ಮಾತ್ರ ಹಲಗೆಯ ಹಿಂದಿನ ಸಂದಿಗೆ ಮುಖವಿಟ್ಟು ಮಂಡಿಯೂರಿ ಕೂತಿದ್ದ. ಮೂಗೇರಿಸಿ ಎಳೆದುಕೊಂಡ. ಮತ್ತೆ ಎಳೆದುಕೊಂಡ. ಆಮೇಲೆ ತಲೆಯೆತ್ತಿ, ಮೂಗು ಮುಚ್ಚಿಕೊಂಡು ನಿಂತ ಒಬ್ಬೊಬ್ಬರ ಮುಖವನ್ನೂ ನೋಡಿದ.

ಆಶಾರಾಣಿಗೆ ಆ ಕ್ಷಣದಲ್ಲಿ ಸೀದ ಸಾರು ನೆನಪಾಯಿತು. ಮಾವ ಅವತ್ತು ತನ್ನ ಮನಸ್ಸು ನೋಯಬಾರದೆಂದು ಉಂಡಿರಲಿಲ್ಲ. ಸೀದ ವಾಸನೆ ಅವನಿಗೆ ಬಂದೇ ಇರಲಿಲ್ಲ. ಅವಳು ತಿಳಿದುಕೊಂಡಳೆಂದು ಅವನಿಗೂ ತಿಳಿಯಿತು. ಅವನು ಕಣ್ಣು ತಪ್ಪಿಸಿದ.

“ಗ್ಯಾಸು ಗಾಳಿಗಿಂತ ಭಾರ,” ಎಂದಳು ಲಿಖಿತ ಕಿಟಕಿಯ ಹತ್ತಿರದಿಂದ. “ಕೆಳಗೇ ಕೂರುತ್ತೆ. ಇಲ್ಲಿ ಯಾರು ಮಲಗ್ತಿದ್ರು?”

ಮುನಿಶಾಮಮ್ಮ ಸುತ್ತಿಟ್ಟ ಹಾಸಿಗೆಯ ಕಡೆ ನೋಡಿದಳು. ನವ್ಯಳ ಹಳೆಯ ಸ್ಕೂಲ್ ಚೀಲ ಮೂಲೆಯಲ್ಲಿ ನೇತಾಡುತ್ತಿತ್ತು.

ಅವತ್ತೇ ಗೂಡಿಗೆ ಸೀಲು ಬಿತ್ತು. ಸುಳ್ಳು ಪ್ರಮಾಣಪತ್ರವನ್ನು ಲಿಖಿತ ಗೋಡೆಯಿಂದ ತೆಗೆದುಕೊಂಡು ಹೋದಳು. ಅದರ ಬಗ್ಗೆ ವಿವರಣೆ ಕೇಳಿ ಮುನಿರಾಜನ ಹೆಸರಿಗೆ ಇನ್ನೊಂದು ನೋಟೀಸು ಬಂತು. ಹದಿನೈದು ದಿನದಲ್ಲಿ ಮೂರು ಮನೆ ಖಾಲಿಯಾದವು. ಎಲ್ಲರಿಗಿಂತ ಮೊದಲು ಹೋದವರು ಸೆಲ್ವರಾಜ್ ವನಿತಾ. ಗಾಡಿಗೆ ಸಾಮಾನು ಏರಿಸುವಾಗ ವನಿತಾ ಆಶಾರಾಣಿಯ ಕೈ ಹಿಡಿದುಕೊಂಡು ನಿಂತಿದ್ದಳು. ಸೆಲ್ವರಾಜ್ ಈ ಸಲ ಯಾರಿಗೂ ಕೈ ಮುಗಿಯಲಿಲ್ಲ.

ಮುನಿರಾಜ್ ಹೆಂಡತಿಯ ಜೊತೆ ಮಾತು ಬಿಟ್ಟ. ಹೇಳಬೇಕಾದದ್ದನ್ನೆಲ್ಲ ಮಗಳ ಮೂಲಕ ಹೇಳಿಸಿದ. “ನಿಮ್ಮಮ್ಮನ್ನ ಕೇಳು, ಮುಂದಿನ ತಿಂಗಳು ಸ್ಕೂಲಿಗೆ ಯಾರು ಕಟ್ತಾರೆ ಅಂತ.” ನವ್ಯ ಕೇಳಲಿಲ್ಲ, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಡುಗೆ ಈಗ ಅಲ್ಲೇ, ಮೂರು ಕಲ್ಲಿನ ಒಲೆಯಲ್ಲಿ. ಆಶಾರಾಣಿ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಮುದ್ದೆ ತಿರುವುತ್ತಿದ್ದಳು. ಅಳು ಬಂದಾಗ ಆ ಹೊಗೆ ಅವಳಿಗೆ ಅನುಕೂಲವೇ ಆಗಿತ್ತು.

ವೆಂಕಟೇಶಪ್ಪ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ರೆಂಚು ಎಣ್ಣೆ ಒರೆಸಿ ತೆಗೆದುಕೊಂಡು, ಯಾರ ಸಹಾಯವನ್ನೂ ಕೇಳದೆ ಪೈಪು ಕಳಚತೊಡಗಿದ. ಮೇಲಿನ ಅಂತಸ್ತಿನಿಂದ ಶುರುಮಾಡಿ ಕೆಳಗಿನವರೆಗೆ. ಎರಡು ತಿರುವು ತಿರುಗಿಸಿದರೆ ಎದೆ ಹಿಡಿದುಕೊಂಡು ಕೂರುತ್ತಿದ್ದ. “ಸಾಯ್ಬೇಕು ಅಂತ ಮಾಡಿದೀಯಾ?” ಎಂದು ಮುನಿಶಾಮಮ್ಮ ಬೈದಳು. ಅವನು ನೀರು ಕುಡಿದು ಮತ್ತೆ ಎದ್ದ. ಕಳಚಿದ ಪೈಪುಗಳೆಲ್ಲ ಹಿತ್ತಲಲ್ಲಿ ಒಟ್ಟಲಾದವು. ಹೊಸದಾಗಿ ಹಾಕಿಸಲು ಕೈಯಲ್ಲಿ ಏನೂ ಇರಲಿಲ್ಲ, ಅದರ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಅವನು ಒಲೆಯ ಹತ್ತಿರ ಬಂದು ಮಣೆ ಹಾಕಿಕೊಂಡು ಕೂತ. ಆಶಾರಾಣಿ ಸಾರು ಬಡಿಸಿದಳು. ಅವನು ಉಣ್ಣದೆ ತಟ್ಟೆಯನ್ನೇ ನೋಡಿದ.

“ಇದೇನ್ ಸಾರಮ್ಮ?”

“ಅವರೆಕಾಯಿ, ಮಾವ.”

“ಸೊಗಡು ಐತಾ?”

“ಐತೆ ಮಾವ.”

“ಕೊರೋನ ಬಂದಾಗ ವಾಸ್ನೆ ಓಯ್ತು. ಬತ್ತೈತೆ ಬತ್ತೈತೆ ಅಂತ ಕಾದೆ. ಬರ್ಲಿಲ್ಲ. ಬರೀ ಕಣ್ಣಾಗೆ ನೋಡಿ ಉಣ್ತಿದ್ದೆ.” ತಟ್ಟೆಯ ಅಂಚನ್ನು ಬೆರಳಿಂದ ಒರೆಸಿದ. “ನಿಮ್ಮತ್ತೆಗೂ ಯೋಳ್ಳಿಲ್ಲ. ಮೂಗಿಲ್ದವನು ಪೈಪ್ ನೋಡ್ತಾನಂತೆ ಅಂದ್ಬಿಡ್ತಾರೆ ಅಂತ. ನೀನ್ ಎಷ್ಟ್ ದಿನದಿಂದ ಅಂದೆ ನಂಗೆ, ವಾಸ್ನೆ ಬತ್ತೈತೆ ಅಂತ?”

“ಬಿಡಿ ಮಾವ.”

“ಎಷ್ಟ್ ದಿನ?”

“ಎರಡು ವರ್ಷ.”

ವೆಂಕಟೇಶಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ, ಬಾಯಿಗೆ ಇಡಲಿಲ್ಲ. “ಎರಡು ವರ್ಷ ನಾನು ಬಗ್ಗಿ, ಮೂಗ್ ಏರ್ಸಿ, ಏನೂ ಇಲ್ಲ ಅಂದೆ. ಆ ಮಗಾ ಅಲ್ಲೇ ಮಲಗ್ತಿತ್ತು.”

ಪರವಾಗಿಲ್ಲ ಎನ್ನಲು ಅವಳಿಂದ ಆಗಲಿಲ್ಲ. ಅದು ಪರವಾಗಿಲ್ಲ ಎನ್ನುವ ವಿಷಯವಲ್ಲ.

ಶುಕ್ರವಾರ ಬಂತು. ಪೂಜೆಯಾದ ಮೇಲೆ ಅಭ್ಯಾಸಬಲದಿಂದ ವೆಂಕಟೇಶಪ್ಪ ಎರಡು ಊದುಬತ್ತಿ ಎತ್ತಿಕೊಂಡ. ಹಚ್ಚಲು ಹೋದವನು ಬೆಂಕಿಪೊಟ್ಟಣವನ್ನು ಕೆಳಗಿಟ್ಟ. ಹಚ್ಚದ ಊದುಬತ್ತಿ ಹಿಡಿದುಕೊಂಡೇ ನವ್ಯಳ ಕೋಣೆಗೆ ನಡೆದ. ಅಲ್ಲಿ ಹಲಗೆಯೂ ಇರಲಿಲ್ಲ, ಪೈಪೂ ಇರಲಿಲ್ಲ. ಗೋಡೆಯ ಬುಡದಲ್ಲಿ ಪೈಪು ದಾಟುತ್ತಿದ್ದ ತೂತು ಮಾತ್ರ ಉಳಿದಿತ್ತು. ನವ್ಯ ಇನ್ನೂ ಆ ಕೋಣೆಯಲ್ಲಿ ಮಲಗಲು ಒಪ್ಪಿರಲಿಲ್ಲ.

“ಆಶಾ,” ಎಂದು ಕರೆದ. “ಬಾವ್ವ ಇಲ್ಲಿ.”

ಅವಳು ಕೈಯೊರೆಸಿಕೊಂಡು ಬಂದಳು. ಮುನಿರಾಜ್ ನಡುಮನೆಯಲ್ಲಿ ಷರ್ಟಿನ ಗುಂಡಿ ಹಾಕುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

“ಒಸಿ ಮೂಸಿ ನೋಡು.”

ಬರಿಯ ಗೋಡೆ. ಸೋರುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆಶಾರಾಣಿ ಮಾವನ ಮುಖ ನೋಡಿದಳು; ಅರ್ಧ ಹುಬ್ಬು ಇನ್ನೂ ಬಂದಿರಲಿಲ್ಲ. ಅವಳು ಮಂಡಿಯೂರಿ, ನೆಲದ ಹತ್ತಿರ ಬಗ್ಗಿ, ಆ ತೂತಿಗೆ ಮೂಗಿಟ್ಟು ಉಸಿರೆಳೆದುಕೊಂಡಳು. ಸುಣ್ಣ, ಧೂಳು.

“ಏನೂ ಇಲ್ಲ, ಮಾವ.”

ಅವನು ಅಲ್ಲೇ ನಿಂತಿದ್ದ.

“ಇನ್ನೊಂದ್ಸಲ ನೋಡವ್ವ,” ಎಂದ.

ಆಶಾರಾಣಿ ಮತ್ತೆ ಬಗ್ಗಿದಳು.